ಮೂರು ಪತ್ರ ಬಾಯಿಪಾಠವಿದ್ದ ಅಣ್ಣಾ

ಅಣ್ಣಾ ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಕೋರ್ಟಿನ ಒಂದು ಸಾಲಿನಿಂದ. ಇಚಲಕರಂಜಿಯ ಕೋರ್ಟಿನಲ್ಲಿ ಅವರ ಮೇಲಿದ್ದ ಪ್ರಕರಣದ ಮುಂದಿನ ತಾರೀಖು ಯಾವುದೆಂದು ಮೊಬೈಲಿನಲ್ಲಿ ನೋಡುವುದು ನನಗೊಂದು ಚಟವಾಗಿಬಿಟ್ಟಿತ್ತು. ಆ ದಿನ ನೋಡಿದರೆ ತಾರೀಖು ಇರಬೇಕಾದ ಜಾಗದಲ್ಲಿ ತಾರೀಖು ಇರಲಿಲ್ಲ. ಆರೋಪಿ ಮೃತಪಟ್ಟಿರುವುದರಿಂದ ಪ್ರಕರಣ ಮುಕ್ತಾಯ ಎಂದಿತ್ತು. ತಪ್ಪಿತಸ್ಥ ಅಂತಲೂ ಇಲ್ಲ, ನಿರ್ದೋಷಿ ಅಂತಲೂ ಇಲ್ಲ. ಜೀವಮಾನದಲ್ಲಿ ಒಂದು ಕಾಗದಕ್ಕೂ ಉತ್ತರ ಬರೆಯದೆ ಬಿಟ್ಟವರಲ್ಲ ಅಣ್ಣಾ. ಅವರ ಮೇಲಿನ ಕಡೆಯ ಕಾಗದಕ್ಕೆ ಮಾತ್ರ ಉತ್ತರವೇ ಬರಲಿಲ್ಲ.

ಆ ಸಾಲಿನಲ್ಲಿ ಅವರ ಪೂರ್ತಿ ಹೆಸರಿದೆ, ತಂದೆಯ ಹೆಸರಿದೆ, ಅಡ್ಡಹೆಸರಿದೆ. ಅದಕ್ಕೇ ನಾನು ಇಲ್ಲಿ ಬರೆಯುವುದಿಲ್ಲ. ಆರೋಪಿ ಎಂಬ ಶಬ್ದದ ಪಕ್ಕದಲ್ಲಿ ಒಮ್ಮೆ ಕೂತ ಹೆಸರನ್ನು ಇನ್ನೊಮ್ಮೆ ಅಚ್ಚು ಹಾಕಿಸುವ ಕೆಲಸ ನನ್ನ ಕೈಯಿಂದ ಬೇಡ. ನಮ್ಮ ಆಫೀಸಿನಲ್ಲಿ ಅವರು ಎಲ್ಲರಿಗೂ ಅಣ್ಣಾ. ಅವರಿಗಿಂತ ಹಿರಿಯರಾದ ಮಾಲಕರಿಗೂ ಅಣ್ಣಾ.

ನಾನು ಗಡಹಿಂಗ್ಲಜ ಕಡೆಯ ಕುರಿಗಾರರ ಮನೆಯವಳು. ಕಂಪ್ಯೂಟರ್ ಕೋರ್ಸು ಮುಗಿಸಿ ಇಚಲಕರಂಜಿಯ ಒಂದು ಸೈಜಿಂಗಿನಲ್ಲಿ ಕೆಲಸಕ್ಕೆ ಸೇರಿದೆ. ಸೈಜಿಂಗ್ ಅಂದರೆ ಮಗ್ಗಕ್ಕೆ ಹೋಗುವ ನೂಲಿಗೆ ಗಂಜಿ ಹಚ್ಚಿ ಒಣಗಿಸುವ ಕಾರ್ಖಾನೆ. ಗಂಜಿ ಕುದಿಸಲಿಕ್ಕೆ ಉಗಿ ಬೇಕು, ಉಗಿಗೆ ಬಾಯ್ಲರ್ ಬೇಕು. ನಮ್ಮ ಆಫೀಸು ಬಾಯ್ಲರ್ ಮನೆಯ ಗೋಡೆಗೆ ಹತ್ತಿಕೊಂಡೇ ಇತ್ತು. ಬೇಸಿಗೆಯಲ್ಲಿ ಗೋಡೆಗೆ ತೂಗು ಹಾಕಿದ ಕ್ಯಾಲೆಂಡರ್ ಮುಟ್ಟಿದರೆ ಬಿಸಿ ಬಿಸಿ. ಅಣ್ಣಾ ಅಲ್ಲಿಯ ಪತ್ರವ್ಯವಹಾರದ ಕಾರಕೂನರು. ಬಿಳಿ ಅಂಗಿ, ಬಿಳಿ ಪಾಯಜಾಮಾ, ಕಿಸೆಯಲ್ಲಿ ಎರಡು ಪೆನ್ನು. ಮೊದಲ ದಿನವೇ ನನ್ನೆದುರಿಗೆ ಒಂದು ಶಿಕ್ಕಾ, ಅಂದರೆ ರಬ್ಬರಿನ ಮೊಹರು, ಮತ್ತು ಬಂದ ಕಾಗದ ದಾಖಲಿಸುವ ಆವಕ ರಜಿಸ್ಟರ್ ಇಟ್ಟು ಹೇಳಿದರು.

“ತಂಗಿ, ಈ ಬಾಗಲದಾಗ ಬಂದ ಪ್ರತಿ ಕಾಗದಕ್ಕ ಮೊದಲ ಶಿಕ್ಕಾ. ಓದೂದು ಆಮ್ಯಾಲೆ.”

ಈ ನಿಯಮಕ್ಕೆ ವಿನಾಯಿತಿ ಇರಲಿಲ್ಲ. ಇಮೇಲ್ ಬಂದರೆ ಪ್ರಿಂಟ್ ತೆಗೆದು ಅದಕ್ಕೂ ಶಿಕ್ಕಾ. ನನ್ನ ಲಗ್ನಪತ್ರಿಕೆ ಕೊಟ್ಟಾಗ ಅದಕ್ಕೂ ಶಿಕ್ಕಾ ಹೊಡೆದು, ತಾರೀಖು ವೇಳೆ ಬರೆದು, ಮೂರನೇ ದಿನ ನಮ್ಮಪ್ಪನಿಗೆ ಕಾರ್ಡು ಹಾಕಿದರು: ತಮ್ಮ ಪತ್ರ ತಲುಪಿತು, ವಿಷಯ ಮಗಳ ಲಗ್ನ, ಅಗತ್ಯ ಕ್ರಮ ಕೈಗೊಳ್ಳಲಾಗುವುದು. ನಮ್ಮಪ್ಪನಿಗೆ ಓದು ಬಾರದು. ಶಾಲೆಯ ಮಾಸ್ತರರಿಂದ ಓದಿಸಿಕೊಂಡು, ಆಫೀಸಿನವರು ಲಗ್ನ ನಿಲ್ಲಿಸುತ್ತಾರೇನೋ ಎಂದು ಎರಡು ದಿನ ಕುರಿ ಮೇಯಿಸಲಿಕ್ಕೂ ಹೋಗಲಿಲ್ಲ. ಅಗತ್ಯ ಕ್ರಮವೆಂದರೆ ಅಣ್ಣಾ ಲಗ್ನಕ್ಕೆ ಬಂದು, ಉಳ್ಳಾಗಡ್ಡಿ ಇಲ್ಲದ ಅಡುಗೆ ಯಾವುದೆಂದು ಕೇಳಿ, ಬರೀ ಅನ್ನ ಮಜ್ಜಿಗೆ ಉಂಡು, ಹೊತ್ತು ಮುಳುಗುವುದರೊಳಗೆ ಹೊರಟದ್ದು.

ಜೈನರಲ್ಲಿ ಕಟ್ಟುನಿಟ್ಟಿನವರು ಬಹಳ ಜನ ಇದ್ದಾರೆ. ಅಣ್ಣಾನ ಕಟ್ಟುನಿಟ್ಟು ನನಗೆ ತಲೆನೋವಾಗಿತ್ತು. ನಾನು ಕೀಬೋರ್ಡಿನ ಮೇಲೆ ಚುರಮುರಿ ತಿನ್ನುವವಳು. ಪುಡಿ ಬಿದ್ದು ಇರುವೆ ಸೇರಿಕೊಳ್ಳುತ್ತಿದ್ದವು. ಒಂದು ದಿನ ಕೊಲ್ಹಾಪುರದ ಪಾರ್ಟಿಗೆ ತುರ್ತಾಗಿ ಮೇಲ್ ಕಳಿಸಬೇಕು, ಮಾಲಕರು ಒಳಗಿಂದ ಕೂಗುತ್ತಿದ್ದಾರೆ, ಅಣ್ಣಾ ನನ್ನ ಕೈ ಹಿಡಿದು ನಿಲ್ಲಿಸಿದರು.

“ತಡಿ ತಂಗಿ. ಎಂಟರ್ ಬಟನ್ ಕೆಳಗ ಒಂದ ಐತಿ. ಹೊರಗ ಬರ್ಲಿ.”

ಇರುವೆ ಹೊರಗೆ ಬರಲು ಎಷ್ಟು ಹೊತ್ತು ಹಿಡಿಯಿತೋ ಅಷ್ಟು ಹೊತ್ತು ಕೊಲ್ಹಾಪುರದ ಪಾರ್ಟಿ ಕಾಯಿತು, ಮಾಲಕರು ಕಾದರು, ನಾನು ಹಲ್ಲು ಕಚ್ಚಿಕೊಂಡು ಕೂತೆ. ಕಡೆಗೆ ಅದನ್ನು ಕಾಗದದ ಚೂರಿನ ಮೇಲೆ ಹತ್ತಿಸಿಕೊಂಡು ಕಿಟಕಿಯಾಚೆ ಬಿಟ್ಟು ಬಂದು, ಈಗ ಒತ್ತು ಅಂದರು. ಆ ದಿನ ನಕ್ಕಿದ್ದೆ. ಆಮೇಲೆ ಈ ಇರುವೆಯ ಸಂಗತಿ ನೆನಪಾದಾಗಲೆಲ್ಲ ನನಗೆ ಸಿಟ್ಟು ಬಂದಿದೆ. ಒಂದು ಇರುವೆಗಾಗಿ ತಡೆದ ಬೆರಳು ಮುಂದೊಂದು ದಿನ ಯಾಕೆ ತಡೆಯಲಿಲ್ಲ ಎಂದು.

ಇನ್ನೊಂದು ಹೇಳಬೇಕು. ಅಣ್ಣಾ ಸುಳ್ಳು ಹೇಳುತ್ತಿರಲಿಲ್ಲ. ಇದು ಎಲ್ಲ ಸತ್ತವರ ಬಗ್ಗೆ ಹೇಳುವ ಮಾತಲ್ಲ. ಫೋನು ಬಂದು, ಮಾಲಕರು ಕೈ ಸನ್ನೆಯಲ್ಲಿ ನಾನಿಲ್ಲ ಅಂತ ಹೇಳು ಅಂದರೆ, ಅಣ್ಣಾ ರಿಸೀವರನ್ನು ಸುಮ್ಮನೆ ನನ್ನ ಕಡೆ ಚಾಚುತ್ತಿದ್ದರು. ನಾನು ಕೊಂಚವೂ ತಡವರಿಸದೆ, “ಸಾಹೇಬರು ಹೊರಗ ಹೋಗ್ಯಾರ್ರಿ, ಸಂಜೀಕ ಮಾಡ್ರಿ” ಎನ್ನುತ್ತಿದ್ದೆ. ಆಫೀಸಿನಲ್ಲಿ ಸುಳ್ಳಿನ ಕೆಲಸ ನನ್ನ ಪಾಲಿಗೆ ಬಂದಿತ್ತು, ಅದನ್ನು ನಾನು ಛಲೋತಂಗೇ ಮಾಡುತ್ತಿದ್ದೆ. ಅವರು ನನ್ನನ್ನು ಬೈಯಲಿಲ್ಲ. ತಮ್ಮ ನಾಲಿಗೆ ಸ್ವಚ್ಛವಿಟ್ಟುಕೊಳ್ಳಲು ನನ್ನದನ್ನು ಬಳಸುತ್ತಿದ್ದಾರೆ ಎಂದು ಅವರಿಗೆ ಹೊಳೆದಿತ್ತೋ ಇಲ್ಲವೋ.

ಭಾದ್ರಪದದಲ್ಲಿ ಜೈನರ ಹತ್ತು ದಿನದ ಪರ್ವ ಮುಗಿದ ಮೇಲೆ ಕ್ಷಮಾವಣಿ ಬರುತ್ತದೆ. ವರ್ಷದಲ್ಲಿ ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳುವ ದಿನ. ಮನೆ ಮನೆಯಲ್ಲಿ, ಬಸದಿಯಲ್ಲಿ ಇದನ್ನು ಮಾಡುತ್ತಾರೆ. ಅಣ್ಣಾ ಆಫೀಸಿನಲ್ಲೂ ಮಾಡುತ್ತಿದ್ದರು, ಅದೂ ತಮ್ಮದೇ ರೀತಿಯಲ್ಲಿ. ವರ್ಷದ ಫೈಲಿನೊಳಗಿನ ಜಗಳದ ಪತ್ರಗಳನ್ನೆಲ್ಲ ಆರಿಸಿ ಹೊರಗೆ ತೆಗೆಯುವರು. ನೂಲು ಕೆಟ್ಟದಾಗಿ ಬಂತು ಎಂದು ಬೈದದ್ದು, ಮಾತು ತಪ್ಪಿದಿರಿ ಎಂದು ನಾವು ಬೈದದ್ದು, ಎಲ್ಲ. ಒಬ್ಬೊಬ್ಬರಿಗೂ ಫೋನು ಮಾಡಿ, “ನಮ್ಮಿಂದ ತಪ್ಪಾಗಿದ್ರ ಕ್ಷಮಾ ಮಾಡ್ರಿ, ನಾವೂ ಮನಸಿನಾಗ ಏನೂ ಇಟ್ಕೊಂಡಿಲ್ರಿ” ಅಂದು, ಆ ಕಡೆಯವರೂ ಹಾಗೇ ಅಂದ ಮೇಲೆ ಪತ್ರ ಹರಿಯುವರು. ಸುಡುತ್ತಿರಲಿಲ್ಲ, ಬೆಂಕಿಯಲ್ಲಿ ಹುಳ ಸಾಯುತ್ತವೆ. ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ, ಕರಗಿ ಮುದ್ದೆಯಾದ ಮೇಲೆ ಅಂಗಳದ ದಾಸವಾಳದ ಬುಡಕ್ಕೆ ಸುರಿಯುವರು. ಆ ದಾಸವಾಳ ಇಚಲಕರಂಜಿಯ ಅರ್ಧ ಜಗಳ ಕುಡಿದು ಬೆಳೆದಿತ್ತು. ರಜಿಸ್ಟರಿನಲ್ಲಿ ಇಂಥ ಪತ್ರಗಳ ಮುಂದೆ ಕೆಂಪು ಶಾಯಿಯಲ್ಲಿ ‘ಕ್ಷಮಾವಣಿ, ವಿಸರ್ಜನೆ’ ಎಂದು ಬರೆಯುವರು.

ಇಮೇಲ್ ಬಂದ ಮೇಲೆ ಅವರಿಗೆ ತೊಂದರೆಯಾಯಿತು.

“ತಂಗಿ, ಕಾಗದ ನೆನಿಹಾಕಿದೆ. ಆದ್ರ ಇದರೊಳಗ ಹಂಗಽ ಉಳದೈತೆಲ್ಲ. ಇದನ್ನ ಹೆಂಗ ನೆನಿಹಾಕೂದು?”

ಡಿಲೀಟ್ ಹೇಗೆ ಮಾಡುವುದೆಂದು ನಾನೇ ಕಲಿಸಿದೆ. ಡಿಲೀಟ್ ಮಾಡಿದ್ದು ಟ್ರ್ಯಾಶ್ ಎಂಬ ಬುಟ್ಟಿಗೆ ಹೋಗಿ ಕೂರುತ್ತದೆ, ಅದನ್ನೂ ಖಾಲಿ ಮಾಡಬೇಕು ಎಂದೆ. ಆ ಎರಡನೆಯ ಕೆಲಸ ಅವರಿಗೆ ಎಂದೂ ನೆನಪಿರುತ್ತಿರಲಿಲ್ಲ. ಪ್ರತಿ ಕ್ಷಮಾವಣಿಯ ಸಂಜೆ ಅವರು ಹೊರಟ ಮೇಲೆ ನಾನೇ ಟ್ರ್ಯಾಶ್ ಖಾಲಿ ಮಾಡಿ ಕಂಪ್ಯೂಟರ್ ಬಂದ್ ಮಾಡುತ್ತಿದ್ದೆ.

ಈಗ ಬಾಯ್ಲರಿನ ಮಾತು. ಉದಗಾಂವದ ಒಬ್ಬ ನಮ್ಮ ಬಾಯ್ಲರಿಗೆ ಬೆಂಕಿ ಕಾಯುವ ಫಾಯರ್‌ಮನ್ ಆಗಿದ್ದ. ನಮ್ಮವನೇ, ಕುರುಬರವನು, ಮನೆಯಲ್ಲಿ ಕನ್ನಡವೇ. ಒಂದು ವರ್ಷ ದೀಪಾವಳಿಗೆ ಮುಂಚೆ ಉಗಿಯ ಒಂದು ನಳಿಗೆ ಒಡೆದು ಅವನ ಎಡಗಣ್ಣು ಹೋಯಿತು, ಬಲಗೈ ಬೆಂದು ಬೆರಳು ಕೂಡಿಕೊಂಡವು. ಆಮೇಲೆ ನೋಡಿದರೆ ಬಾಯ್ಲರಿನ ಸೇಫ್ಟಿ ವಾಲ್ವನ್ನು ತಂತಿಯಿಂದ ಬಿಗಿದು ಕಟ್ಟಲಾಗಿತ್ತು. ಉಗಿ ಹೆಚ್ಚಾದಾಗ ತಾನೇ ತೆರೆದು ಹೊರಬಿಡಬೇಕಾದ ವಾಲ್ವು ಅದು. ಸೋರುತ್ತದೆ, ಉಗಿ ವ್ಯರ್ಥವಾಗುತ್ತದೆ ಎಂದು ಯಾರೋ ಕಟ್ಟಿದ್ದರು. ಕಟ್ಟಿದವನು ಫಾಯರ್‌ಮನ್ನೇ, ತನ್ನ ಸೋಮಾರಿತನದಿಂದ ತಾನೇ ಕಣ್ಣು ಕಳೆದುಕೊಂಡ ಎಂದು ಮಾಲಕರು ಹೇಳಿಕೆ ಕೊಟ್ಟರು. ಇಲ್ಲ, ಮಾಲಕರೇ ಕಟ್ಟಿಸಿದ್ದು, ನಾನು ಬೇಡ ಅಂದಿದ್ದೆ ಎಂದು ಫಾಯರ್‌ಮನ್ ಪರಿಹಾರ ಕೇಳಿ ಕೋರ್ಟಿಗೆ ಹೋದ.

ನಿಜ ಯಾರದೆಂದು ಆಫೀಸಿನಲ್ಲಿ ಮೂರು ಪತ್ರಗಳು ಹೇಳುತ್ತಿದ್ದವು. ಕಾಗಲದ ಬಾಯ್ಲರ್ ರಿಪೇರಿಯವನು ಅಪಘಾತಕ್ಕೆ ಮೊದಲು ಒಂದರ ಹಿಂದೊಂದು ಕಳಿಸಿದ ಮೂರು ಇಮೇಲ್‌ಗಳು. ಬರೆದದ್ದು ಮರಾಠಿಯಲ್ಲಿ, ಭಾಷೆ ಬಹಳ ಖಾರ. ಮೂರನ್ನೂ ಪ್ರಿಂಟ್ ತೆಗೆದವಳು ನಾನು. ಮೂರನೆಯದನ್ನು ಎರಡು ಸಲ ಓದಿದ್ದೆ.

ಮುಂದಿನ ಭಾದ್ರಪದದಲ್ಲಿ ಆ ಬಾಯ್ಲರ್ ಕುರಿತ ಪತ್ರವ್ಯವಹಾರವನ್ನೆಲ್ಲ, ಇಮೇಲ್ ಸಹಿತ, ಹಾಜರುಪಡಿಸಬೇಕೆಂದು ಕೋರ್ಟಿನಿಂದ ಸಮನ್ಸ್ ಬಂತು. ಅಣ್ಣಾ ಎಂದಿನಂತೆ ಶಿಕ್ಕಾ ಹೊಡೆದರು, ತಾರೀಖು ವೇಳೆ ಬರೆದರು, ರಜಿಸ್ಟರಿನಲ್ಲಿ ದಾಖಲಿಸಿ ಮಾಲಕರ ಟೇಬಲ್ಲಿಗಿಟ್ಟರು. ಆರು ದಿನ ಬಿಟ್ಟು ಕ್ಷಮಾವಣಿ.

ಅಂದು ಬೆಳಿಗ್ಗೆ ಮಾಲಕರು ಬಸದಿಯಿಂದ ನೇರ ಬಂದು ಅಣ್ಣಾನ ಟೇಬಲ್ಲಿನ ಮುಂದೆ ನಿಂತರು. ಕೈಮುಗಿದರು. ಅಣ್ಣಾ ಎದ್ದು ನಿಂತು ಕೈಮುಗಿದರು.

“ಅಣ್ಣಾ, ಈ ಸಲ ಕ್ಷಮಾವಣಿ ನೀಟ್ ಮಾಡ್ರಿ. ಕಾಗಲದ ಬಾಯ್ಲರ್‌ದಂವನ ಜೋಡಿ ಜಗಳ ಭಾಂಡಣ ಇಟ್ಕೊಳ್ಳೂದ ಬ್ಯಾಡ. ಸಗಳಂ ವಿಸರೂನ ಜಾಯಚಂ.”

ಎಲ್ಲ ಮರೆತುಬಿಡುವುದು ಎಂದು ಮರಾಠಿಯಲ್ಲಿ ಮುಗಿಸಿ ಒಳಗೆ ಹೋದರು. ಅಷ್ಟೇ. ಅಳಿಸಿ ಅನ್ನಲಿಲ್ಲ, ಇಮೇಲ್ ಅನ್ನಲಿಲ್ಲ, ಸಮನ್ಸಿನ ಮಾತೇ ಎತ್ತಲಿಲ್ಲ. ಅಷ್ಟು ವರ್ಷದಲ್ಲಿ ಅವರು ಅಣ್ಣಾನ ಕ್ಷಮಾವಣಿಯ ಬಗ್ಗೆ ಬಾಯಿ ಬಿಟ್ಟದ್ದು ಅದೇ ಮೊದಲು.

ಅಣ್ಣಾ ಕಾಗಲಕ್ಕೆ ಫೋನು ಹಚ್ಚಿದರು. ಆ ಕಡೆಯವನೂ ಬಾಯಿ ತುಂಬ ಕ್ಷಮೆ ಕೇಳಿದ, ಕೊಟ್ಟ. ಪ್ರಿಂಟುಗಳು ಬಕೆಟ್ಟಿಗೆ ಹೋದವು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಮೂರೂ ಮೇಲ್ ಆರಿಸಿ, ಬೆರಳು ಎತ್ತಿ, ಹಾಗೇ ಹಿಡಿದರು. ಇರುವೆ ಇದೆಯೇನೋ ಅಂದುಕೊಂಡೆ. ನನ್ನ ಕಡೆ ನೋಡಿದರು. ನಾನು ನನ್ನ ಕೆಲಸದಲ್ಲಿದ್ದವಳ ಹಾಗೆ ತಲೆ ತಗ್ಗಿಸಿದೆ. ಒತ್ತಿದ ಸಪ್ಪಳ ಕೇಳಿಸಿತು. ರಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ, ‘ಬಾಯ್ಲರ್ ಪತ್ರ ಮೂರು, ಕ್ಷಮಾವಣಿ, ವಿಸರ್ಜನೆ’ ಎಂದು ಬರೆದು, ಹೊತ್ತು ಮುಳುಗುವ ಮೊದಲು ಉಣ್ಣಬೇಕೆಂದು ಸಂಜೆ ಐದಕ್ಕೆ ಹೊರಟರು. ನಾನು ಟ್ರ್ಯಾಶ್ ಖಾಲಿ ಮಾಡಿ ಕಂಪ್ಯೂಟರ್ ಬಂದ್ ಮಾಡಿದೆ. ಅದನ್ನೊಂದು ಮಾಡದೆ ಮನೆಗೆ ಹೋಗಿದ್ದರೆ ಆ ಮೂರು ಪತ್ರಗಳು ಇನ್ನೂ ಹಲವು ದಿನ ಆ ಬುಟ್ಟಿಯಲ್ಲಿರುತ್ತಿದ್ದವು, ಯಾರಾದರೂ ಎತ್ತಿಕೊಳ್ಳಬಹುದಿತ್ತು.

ಪತ್ರ ಇಲ್ಲ ಎಂದು ಕೋರ್ಟಿಗೆ ತಿಳಿದಾಗ ಮಾಲಕರ ವಕೀಲರು ನಮ್ಮ ಆವಕ ರಜಿಸ್ಟರನ್ನೇ ಮುಂದಿಟ್ಟರು. ಸಮನ್ಸ್ ಬಂದ ತಾರೀಖು ಅಣ್ಣಾನ ಕೈಯಲ್ಲಿ, ಪತ್ರ ಅಳಿಸಿದ ತಾರೀಖು ಅಣ್ಣಾನ ಕೈಯಲ್ಲಿ. ಕಾರಕೂನರು ತಮ್ಮ ಧಾರ್ಮಿಕ ಪದ್ಧತಿಯಂತೆ ಮಾಡಿದ್ದಾರೆ, ಮಾಲಕರಿಗೆ ಏನೂ ಗೊತ್ತಿಲ್ಲ ಎಂದರು. ಅದೇ ವಾರ ಅಣ್ಣಾನನ್ನು ಕೆಲಸದಿಂದ ತೆಗೆದರು, ಅವರ ಮೇಲೆ ದೂರು ಕೊಟ್ಟವರೂ ಮಾಲಕರೇ. ಕೋರ್ಟು ಕೇಳಿದ ದಾಖಲೆ ನಾಶ ಮಾಡಿದ ಆರೋಪ. ಕಾಗಲದವನು ಬಂದು, ತನ್ನ ಹಳೆಯ ಮೊಬೈಲು ಹೆದ್ದಾರಿಯಲ್ಲಿ ಬಿದ್ದು ಹೋಯಿತು, ಪಾಸ್‌ವರ್ಡ್ ನೆನಪಿಲ್ಲ, ಏನು ಬರೆದಿದ್ದೆನೋ ಅದೂ ನೆನಪಿಲ್ಲ ಎಂದ. ಅಷ್ಟು ಹೊತ್ತಿಗೆ ನಮ್ಮ ಹೊಸ ಬಾಯ್ಲರಿನ ಕೆಲಸ ಅವನಿಗೇ ಸಿಕ್ಕಿತ್ತು. ಮೇಲ್ ಕಂಪನಿಗೆ ಬರೆದರೆ ಅಂಥ ಪತ್ರಗಳು ಈಗ ಖಾತೆಯಲ್ಲಿಲ್ಲ ಎಂದು ಉತ್ತರ ಬಂತು.

ಫಾಯರ್‌ಮನ್ನನ ವಕೀಲ ಚಿಕ್ಕ ವಯಸ್ಸಿನವನು. ಒಂದು ಮಧ್ಯಾಹ್ನ ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ನನ್ನನ್ನು ಕೂರಿಸಿಕೊಂಡು ತಿಳಿಸಿ ಹೇಳಿದ.

“ಬಾಯಾರ, ಕೋರ್ಟ್ ಕೇಳಿದ ಕಾಗದ ಯಾರ ನಾಶ ಮಾಡತಾರೋ, ಅದು ಅವರ ವಿರುದ್ಧ ಇತ್ತು ಅಂತ ಕೋರ್ಟ್ ತಿಳ್ಕೋಬಹುದು. ಆದ್ರ ಮಾಲಕ ಏನಂತಾನ? ನಾಶ ಮಾಡಿದಂವ ನಾ ಅಲ್ಲ, ಕಾರಕೂನ ಅಂತಾನ. ಪತ್ರದಾಗ ಏನಿತ್ತು ಅಂತ ಅಣ್ಣಾ ಹೇಳಾಕ ತಯಾರ ಅದಾರ. ಆದ್ರ ಅಳಿಸಿದಂವನ ಮಾತ ಯಾರ ನಂಬತಾರ? ಇನ್ನೊಬ್ಬರು ಓದಿದವರು ಬೇಕು. ನೀವು ಒಂದ ಮಾತ ಹೇಳಿದ್ರ ಆತು.”

ಯೋಚಿಸುತ್ತೇನೆ ಅಂದೆ. ಮರುದಿನ ಮಾಲಕರ ವಕೀಲರು ಆಫೀಸಿಗೇ ಬಂದು, ನನ್ನ ಮಗಳ ಶಾಲೆಯ ವಿಚಾರವೆಲ್ಲ ಕೇಳಿ, ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು. “ಡಿಲೀಟ್ ಒಬ್ಬರು, ಟ್ರ್ಯಾಶ್ ಇನ್ನೊಬ್ಬರು ಮಾಡಿದ್ರ ಆರೋಪಿ ಇಬ್ಬರಾಕ್ಕಾರ ನೋಡ್ರಿ. ಜೈಲು ಇಬ್ಬರಿಗೂ ಒಂದಽ.” ನನ್ನ ಮಗಳು ಆಗ ಒಂದನೇ ಇಯತ್ತೆಯಲ್ಲಿದ್ದಳು.

ಫಾಯರ್‌ಮನ್ನನ ಪ್ರಕರಣದಲ್ಲಿ ಅಣ್ಣಾ, ನಾನು ಇಬ್ಬರೂ ಸಾಕ್ಷಿಗಳು. ಕೋರ್ಟಿನಲ್ಲಿ ಎಲ್ಲ ಮರಾಠಿಯಲ್ಲಿ ನಡೆಯಿತು. ನನ್ನ ನೆನಪಿನಲ್ಲಿ ಅದು ಕನ್ನಡದಲ್ಲೇ ಉಳಿದಿದೆ. ಅಣ್ಣಾ ಕಟಕಟೆಯಲ್ಲಿ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದರು. ಫಾಯರ್‌ಮನ್ನನ ವಕೀಲ ಒಂದೊಂದೇ ಕೇಳುತ್ತ ಹೋದ.

“ಸಮನ್ಸ್ ಬಂದದ್ದು ನಿಮಗ ಗೊತ್ತಿತ್ತಾ?”

“ಗೊತ್ತಿತ್ತರಿ. ಶಿಕ್ಕಾ ಹೊಡದಂವ ನಾನಽ.”

“ಗೊತ್ತಿದ್ದೂ ಅಳಿಸಿದ್ರಿ?”

“ಅಳಿಸಿದೆರಿ.”

“ಮಾಲಕರು ಅಳಿಸ್ರಿ ಅಂದ್ರಾ?”

“ಅವರು ಕ್ಷಮಾ ಮಾಡ್ರಿ ಅಂದ್ರು. ಅಳಿಸ್ರಿ ಅನ್ನಲಿಲ್ಲ.”

“ಟ್ರ್ಯಾಶ್ ಯಾರು ಖಾಲಿ ಮಾಡಿದ್ರು?”

ನಾನು ಹಿಂದಿನ ಬಾಕಿನ ಮೇಲೆ ಕೂತಿದ್ದೆ. ಅಣ್ಣಾ ನನ್ನ ಕಡೆ ತಿರುಗಲಿಲ್ಲ.

“ಅದೂ ನಾನಽರಿ.”

ನನಗೆ ಗೊತ್ತಿದ್ದ ಹಾಗೆ ಅದು ಅವರ ಜನ್ಮದ ಒಂದೇ ಸುಳ್ಳು. ರಿಸೀವರು ಚಾಚಲಿಲ್ಲ, ತಾವೇ ಹೇಳಿದರು. ಆಮೇಲೆ, “ಸಾಹೇಬ್ರ, ಆ ಮೂರೂ ಪತ್ರ ನನಗ ಬಾಯಿಪಾಠ ಅದಾವು, ಹೇಳತೇನಿ” ಎಂದು ಶುರು ಮಾಡಿದರು. ನಿಜಕ್ಕೂ ಶಬ್ದಕ್ಕೆ ಶಬ್ದ ಬರುತ್ತಿತ್ತು, ಆವಕ ನಂಬರಿನ ಸಹಿತ. ಮಾಲಕರ ವಕೀಲರು ಎದ್ದು ನಕ್ಕರು. ದಾಖಲೆ ನಾಶ ಮಾಡಿದವರೇ ಈಗ ದಾಖಲೆ ಆಗಲಿಕ್ಕೆ ಬಂದಿದ್ದಾರೆ ಎಂದರು. ಕೋರ್ಟಿನಲ್ಲಿ ಒಂದಿಬ್ಬರು ನಕ್ಕರು. ಎರಡನೆಯ ಪತ್ರದ ನಡುವೆ ಅವರನ್ನು ನಿಲ್ಲಿಸಿದರು. ಊರಿಗೆಲ್ಲ ಅವರ ಮಾತೆಂದರೆ ಬರೆದುಕೊಟ್ಟ ಹಾಗೆ ಇತ್ತು. ಅದು ಹೋದದ್ದು ಆ ಘಳಿಗೆಯಲ್ಲಿ. ಜೈಲು ಆಗುತ್ತದೋ ಇಲ್ಲವೋ ಆಮೇಲಿನ ಮಾತು. ಕಾನೂನು ಅವರಿಂದ ಕಸಿದುಕೊಳ್ಳಬೇಕಾದ್ದನ್ನು ಅಲ್ಲೇ ಕಸಿದುಕೊಂಡಿತು.

ಮುಂದಿನ ಸಾಕ್ಷಿ ನಾನು. ಫಾಯರ್‌ಮನ್ ತನ್ನ ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ. ಆ ಪತ್ರಗಳನ್ನು ನೀವು ಓದಿದ್ದಿರಾ ಎಂದು ವಕೀಲ ಕೇಳಿದ.

“ದಿನಾ ಭಾಳ ಮೇಲ್ ಬರತಾವ್ರಿ. ನೆನಪಿಲ್ಲ” ಎಂದೆ.

ಅಭ್ಯಾಸವಿತ್ತು, ಕೊಂಚವೂ ತಡವರಿಸಲಿಲ್ಲ. ಸಾಹೇಬರು ಹೊರಗ ಹೋಗ್ಯಾರ್ರಿ ಎನ್ನುವ ದನಿಯಲ್ಲೇ ಹೇಳಿದೆ.

ಪತ್ರಗಳಿದ್ದವೆಂಬುದು ನಿಜ, ಆದರೆ ಅವುಗಳಲ್ಲಿ ಏನಿತ್ತೆಂಬುದು ಸಾಬೀತಾಗಿಲ್ಲ, ಅಳಿಸಿದ್ದರಲ್ಲಿ ಮಾಲಕರ ಕೈಯಿತ್ತೆಂಬುದೂ ಸಾಬೀತಾಗಿಲ್ಲ ಎಂದು ತೀರ್ಪಾಯಿತು. ತಂತಿ ಕಟ್ಟಿದವನು ಫಾಯರ್‌ಮನ್ನೇ ಎಂದು ಊರು ತೀರ್ಮಾನಿಸಿಕೊಂಡಿತು. ಆ ಚಿಕ್ಕ ವಕೀಲ ಮೇಲ್ಮನವಿಯ ಮಾತಾಡಿ ಮಾತಾಡಿ ಅವಧಿಯೇ ಮುಗಿದುಹೋಯಿತು. ನಾನು ಆ ಕೆಲಸ ಬಿಟ್ಟು ಕೊಲ್ಹಾಪುರದಲ್ಲಿ ಬೇರೆ ಆಫೀಸು ಸೇರಿದೆ.

ಅಣ್ಣಾನ ಮೇಲಿನ ಪ್ರಕರಣ ಮಾತ್ರ ನಡೆಯುತ್ತಲೇ ಇತ್ತು. ತಾರೀಖಿನ ಮೇಲೆ ತಾರೀಖು. ಅವರು ಒಂದನ್ನೂ ತಪ್ಪಿಸಲಿಲ್ಲ. ಬಸದಿಯ ಮಂಡಳಿಯ ಪತ್ರಗಳನ್ನು ಅವರೇ ಬರೆಯುತ್ತಿದ್ದರು, ಅದನ್ನು ಯಾರೋ ಬೇರೆಯವರಿಗೆ ಕೊಟ್ಟರಂತೆ. ಒಮ್ಮೆ ಇಚಲಕರಂಜಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಡಬ್ಬಿ ತೆರೆದು ಚಪಾತಿ ತಿನ್ನುತ್ತಿದ್ದರು, ಬಿಸಿಲು ಇಳಿಯುತ್ತಿತ್ತು. ನನ್ನನ್ನು ನೋಡಿ ಸರಿದು ಜಾಗ ಮಾಡಿದರು. ನಾನು ಕೇಳಿಬಿಟ್ಟೆ.

“ಅಣ್ಣಾ, ಅವತ್ತ ನಿಮ್ಮ ಬೆರಳು ನಿಂತಿತ್ತು. ನಾ ನೋಡೇನಿ. ಮತ್ಯಾಕ ಒತ್ತಿದ್ರಿ?”

ತುತ್ತು ನುಂಗಿ, ನೀರು ಕುಡಿದು, ಆಮೇಲೆ ಮಾತಾಡಿದರು.

“ನಿಂತಿತ್ತು, ಖರೆ. ಸಮನ್ಸ್ ಬಂದೈತಿ ಅಂತ ಮನಸ್ಸು ಅಂತಿತ್ತು. ಆದ್ರ ಮಾಲಕರು ಕೈಮುಗದು ಕ್ಷಮಾ ಅಂದಿದ್ರಲ್ಲ, ಆ ಶಬ್ದ ಬಂದ್ರ ನಾ ಮುಂದಿಂದು ನೋಡೂದಿಲ್ಲ ತಂಗಿ. ಹಂಗಽ ಬೆಳದೇನಿ. ಒತ್ತಿದ ಮ್ಯಾಲೆ ತಿಳೀತು. ಕಣ್ಣ ಕಳಕೊಂಡಂವ ಅವ, ಕ್ಷಮಾ ಕೊಟ್ಟಂವ ನಾ. ನಾ ಯಾರು ಕೊಡಾಕ?”

“ನಾ ಕೋರ್ಟ್‌ನಾಗ…” ಎಂದು ಬಾಯಿ ತೆರೆದೆ. ಅವರು ಡಬ್ಬಿಯ ಮುಚ್ಚಳ ಹಾಕಿದರು.

“ನಿನಗ ಕೂಸು ಐತಿ” ಅಂದರು. ಬಸ್ಸು ಬಂತು, ಹೋದರು. ಅವರು ನನ್ನನ್ನು ಕ್ಷಮಿಸಿದರೋ, ಬರೀ ಮಾತು ನಿಲ್ಲಿಸಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಪ್ರತಿ ಕ್ಷಮಾವಣಿಗೆ ನನಗೆ ಫೋನು ಮಾಡುವುದನ್ನು ಅವರು ಬಿಡಲಿಲ್ಲ. ನನ್ನಿಂದ ಏನರ ತಪ್ಪಾಗಿದ್ರ ಕ್ಷಮಾ ಮಾಡು ತಂಗಿ ಎನ್ನುವರು. ಅದೇ ಮಾತನ್ನು ತಿರುಗಿ ಹೇಳುವುದು ಪದ್ಧತಿ. ನಾನು ಅದನ್ನು ಒಂದು ವರ್ಷವೂ ಹೇಳಲಿಲ್ಲ. ಹ್ಞೂಂರಿ ಅಣ್ಣಾ, ಊಟ ಆತೇನ್ರಿ ಎಂದು ಕೇಳಿ ಇಡುತ್ತಿದ್ದೆ.

ಈ ವರ್ಷ ಫೋನು ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಬೆಳಗಿನಿಂದ ಮೊಬೈಲು ಕೈಯಲ್ಲೇ ಹಿಡಿದಿದ್ದೆ. ಮಧ್ಯಾಹ್ನ ರಜೆ ಹಾಕಿ ಜಯಸಿಂಗಪುರದ ಬಸ್ಸು ಹತ್ತಿ ಉದಗಾಂವಕ್ಕೆ ಹೋದೆ. ಯಾಕೆ ಹೋದೆನೆಂದು ಕೇಳಿದರೆ ಹೇಳಲಾರೆ. ಅಣ್ಣಾನಿಗೆ ಹೇಳದೆ ಉಳಿಸಿಕೊಂಡದ್ದನ್ನು ಯಾರಿಗಾದರೂ ಹೇಳಬೇಕಿತ್ತು.

ಫಾಯರ್‌ಮನ್ ಪಡಸಾಲೆಯಲ್ಲಿ ಕೂತಿದ್ದ. ಗುರುತು ಹಿಡಿದ. ಅವನ ಹೆಂಡತಿ ಚಾಪೆ ಹಾಸಿದಳು.

“ಇವತ್ತ ಅಣ್ಣಾರು ಬರೂ ದಿನಾರಿ” ಅಂದಳು. “ಹ್ವಾದ್ರಂತ ಕೇಳೇವಿ.”

“ಇಲ್ಲಿಗೆ ಬರತಿದ್ರೇನು?”

“ವರ್ಷಾ ಬರತಿದ್ರು. ಮೊದಲನೇ ವರ್ಷ ನಾ ಬಾಗಲಾ ತಗೀಲಿಲ್ರಿ, ಬಿಸಲಾಗ ನಿಂತ ಹೋದ್ರು. ಮರುವರ್ಷ ಮತ್ತ ಬಂದ್ರು. ಕ್ಷಮಾ ಕೇಳಾಕ ಬಂದಿಲ್ಲ, ಅದನ್ನ ಕೇಳೂ ಮಾರಿ ನನಗಿಲ್ಲ ಅಂದ್ರು. ಪತ್ರ ಹೇಳಾಕ ಬಂದೇನಿ, ಕೋರ್ಟ್‌ನಾಗ ಯಾರೂ ಕೇಳಲಿಲ್ಲ, ನೀವರ ಕೇಳ್ರಿ ಅಂದ್ರು. ಅಂಗಳದಾಗ ನಿಂತ ಮೂರೂ ಹೇಳತಿದ್ರು. ನೀರ ಸುದ್ದಾ ಕುಡೀತಿರಲಿಲ್ಲ.”

ಫಾಯರ್‌ಮನ್ ಬೆರಳು ಕೂಡಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಿಧಾನವಾಗಿ ಮಾತಾಡಿದ.

“ಊರಾಗ ಎಲ್ಲಾರೂ ಇವನಽ ತಂತಿ ಕಟ್ಟಿದ ಅಂತಾರ್ರಿ. ಭಾಳ ದಿನಾ ಅನ್ನಿಸ್ಕೊಂಡ್ರ ನಮಗೂ ಹಂಗಽ ಅನಸ್ತೈತಿ. ನಾನಽ ಕಟ್ಟಿನೇನೋ ಅಂತ. ವರ್ಷಕ್ಕೊಮ್ಮೆ ಅಣ್ಣಾರು ಬಂದು ಆ ಮೂರನೇ ಪತ್ರ ಹೇಳಿದ್ರ, ಇಲ್ಲ, ನಾ ಬ್ಯಾಡ ಅಂದಿದ್ದೆ ಅಂತ ಗಟ್ಟಿ ಆಕ್ಕಿತ್ತು. ಈಗ ಅವರೂ ಇಲ್ಲ. ಸುರುವಾತಿಗೆ ಹೆಂಗ ಇತ್ತೋ ಏನೋ, ನೆನಪ ಮಾಡಾಕತ್ತೇನಿ, ಬರವಲ್ದು.”

ಒಳಗಿನಿಂದ ಚಹಾದ ವಾಸನೆ ಬರುತ್ತಿತ್ತು. ನಾನು ಚಾಪೆಯ ಅಂಚು ನೋಡುತ್ತ ಮೂರನೆಯ ಪತ್ರ ಹೇಳತೊಡಗಿದೆ. ಮರಾಠಿಯಲ್ಲಿದ್ದದ್ದು ತಾನಾಗಿಯೇ ಕನ್ನಡದಲ್ಲಿ ಬಂತು.

“ಸೇಫ್ಟಿ ವಾಲ್ವಿಗೆ ತಂತಿ ಕಟ್ಟಿದ್ದನ್ನ ನಿನ್ನೆ ನಾ ಕಣ್ಣಾರೆ ನೋಡೇನಿ. ಯಾರ ಕಟ್ಟಿದ್ರು ಅಂತ ಕೇಳಿದ್ರ, ನಾನಽ ಕಟ್ಟಿಸೇನಿ, ದೀಪಾವಳಿ ಮಾಲು ಹೋಗಲಿ ಅಂದ್ರಿ. ನನ್ನ ಮಾತ ಬಿಡ್ರಿ. ನಿಮ್ಮ ಫಾಯರ್‌ಮನ್ ನನ್ನ ಮುಂದ ಕೈ ಜೋಡಿಸಿ ಬ್ಯಾಡ ಅಂದ. ಅವನ ಮಾತರ ಕೇಳ್ರಿ.”

ಅವನು ತುಟಿ ಅಲ್ಲಾಡಿಸುತ್ತ ನನ್ನ ಜೊತೆಗೇ ಹೇಳುತ್ತಿದ್ದ. ಕೊನೆಯ ಶಬ್ದದ ನಂತರವೂ ಸ್ವಲ್ಪ ಹೊತ್ತು ಅವನ ತುಟಿ ಹಾಗೇ ಆಡಿತು. ಹೌದು, ಹಿಂಗಽ ಇತ್ತು ಎಂದು ತಲೆದೂಗಿದ. ಆಮೇಲೆ ತೂಗುವುದು ನಿಂತಿತು. ಒಂದು ಕಣ್ಣು ನನ್ನ ಮೇಲೆ ಬಂತು.

“ಹಂಗಾದ್ರ ನಿಮಗ ಗೊತ್ತಿತ್ತು” ಅಂದ.

“ಗೊತ್ತಿತ್ತರಿ” ಅಂದೆ.

ಒಳಗೆ ಅವನ ಹೆಂಡತಿ ಚಹಾದ ಒಲೆ ಆರಿಸಿದ ಸಪ್ಪಳ ಕೇಳಿಸಿತು. ಚಹಾ ಹೊರಗೆ ಬರಲಿಲ್ಲ.